ಬಿಂದುವಿನ ಡ್ರಮ್ಮು, ಅತ್ತೆಯ ಮಾತು

ಎದೆಯೊಳಗೆ ಬಡಿಯುತ್ತಿರುವುದು ನನ್ನದೇ ಗುಂಡಿಗೆಯೋ ಮಗಳು ಬಿಂದುವಿನ ಡ್ರಮ್ಮೋ, ಕೂತ ಪ್ಲಾಸ್ಟಿಕ್ ಕುರ್ಚಿಯೂ ನಡುಗುತ್ತಿದೆ, ಪಕ್ಕದಲ್ಲಿ ಅತ್ತೆ ಗಿರಿಯಮ್ಮ ಸೆರಗನ್ನು ಕಿವಿಗೆ ಒತ್ತಿಕೊಂಡಿದ್ದಾರೆ, ಕಡರನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಈ ಹರಿಹರದ ಊರಮ್ಮನ ಹಬ್ಬಕ್ಕೆ ಬಂದದ್ದೇ ಬಿಂದುವಿನ ಬ್ಯಾಂಡು ನೋಡಲು — ಅವಳು ಬಾರ್ಸೋದನ್ನ ನೋಡೇ ಹೇಳ್ತೀನಿ ಪುಷ್ಪಲತಾ, ನೋಡದೆ ಬ್ಯಾಡ ಅನ್ನಾಕೆ ನಾನೇನು ಹುಚ್ಚಿಯಾ, ಎಂದಿದ್ದರು ಹೋದ ವಾರ, ಮೊಮ್ಮಗಳೂ ಅವರಂತೆಯೇ ಹಟಮಾರಿ, ಆಗ್ಲಿ ಅಜ್ಜಿ, ನೀನು ಬ್ಯಾಡ ಅಂದ್ರೆ ಶಿಲ್ಲಾಂಗಿನ ಪ್ರೋಗ್ರಾಂಗೂ ಹೋಗಲ್ಲ, ಇನ್ನೊಂದ್ಸಲ ಡ್ರಮ್ಮಿನ ಕೋಲೂ ಮುಟ್ಟಲ್ಲ, ಎಂದುಬಿಟ್ಟಳು, ಅಂದಮೇಲೆ ಮುಗಿಯಿತು, ಹೆತ್ತವಳಿಗೆ ಗೊತ್ತಿಲ್ಲವೇ. ದಾವಣಗೆರೆಯಲ್ಲಿ ದುರುಗಣ್ಣನ ಖಾರ ಕುಟ್ಟುವ ಗಿರಣಿಯಲ್ಲಿ ಶುರುವಾದದ್ದು ಇದು, ಅಲ್ಲಾದರೆ ಗಲಾಟೆ ಎಂದು ಯಾರೂ ಬೈಯುವುದಿಲ್ಲ, ಗಿರಣಿಯೇ ಗಲಾಟೆ, ಬಿಂದುವೂ ಸೇರಿ ನಾಲ್ಕು ಹುಡುಗಿಯರು ಒಣಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತ ಹಾಡುತ್ತ, ಹಾಡುವ ಸುಮಾಳ ದನಿ ಒರಟಾದದ್ದೇ ಆ ಘಾಟಿಗೆ, ಬ್ಯಾಂಡಿನ ಹೆಸರೂ ಅಲ್ಲೇ ಸಿಕ್ಕಿತು, ಖಾರಪುಡಿ, ಪಾಪ್ ಪಂಕ್ ಅಂತೆ ಇವರದು, ಹಾಗಂದರೇನೇ ಎಂದರೆ ಬೈಗುಳಾನ ಕುಣಿಯಂಗೆ ಹಾಡೋದಮ್ಮ ಎಂದಳು ಬಿಂದು. ಮಾಯಕೊಂಡದ ಗಣಪತಿ ಪೆಂಡಾಲಿನಲ್ಲಿ ಮೊದಲ ಪ್ರೋಗ್ರಾಂ, ಆರ್ಕೆಸ್ಟ್ರಾ ಎಂದುಕೊಂಡ ಜನ ಚೀಟಿ ಮೇಲೆ ಚೀಟಿ ಕಳಿಸಿದರು, ಸಿನಿಮಾ ಹಾಡು ಹಾಡ್ರಿ, ಇಲ್ಲಾಂದ್ರೆ ಇಳೀರಿ, ಕೊನೆಗೆ ಯಾರೋ ಕರೆಂಟೇ ಕಿತ್ತರು, ಮೈಕು ಸತ್ತಿತು, ಗಿಟಾರು ಸತ್ತಿತು, ಬಿಂದು ಮಾತ್ರ ಕತ್ತಲಲ್ಲೇ ಬಾರಿಸುತ್ತಿದ್ದಳು, ಡ್ರಮ್ಮಿಗೆ ಯಾವ ಕರೆಂಟು, ಆ ಕತ್ತಲ ವಿಡಿಯೋವೇ ಫೋನಿಂದ ಫೋನಿಗೆ ಹೋಗಿ ಇವರನ್ನು ಹುಬ್ಬಳ್ಳಿಗೆ, ಪುಣೆಗೆ, ಚೆನ್ನೈಗೆ ಕರೆಸಿತು, ಈಗ ಶಿಲ್ಲಾಂಗಿನಿಂದಲೂ ಕರೆ ಬಂದಿದೆ, ನನಗೆ ಇವತ್ತಿಗೂ ನಂಬಿಕೆಯಾಗುವುದಿಲ್ಲ.

ಈಗ ಮಾಯಕೊಂಡದಲ್ಲಿ ಹಾಡಿದ ಅದೇ ಹಾಡು, ತಲೆ ಬಾಚ್ಕೊ ಅಂತೀರಾ, ಬಾಚಲ್ಲ ಹೋಗ್ರಿ, ಬಿಂದುವಿನ ಕೂದಲು ಪೂರ್ತಿ ಬಿಚ್ಚಿಹೋಗಿದೆ, ತಲೆ ಗಿರಗಿರ ತಿರುಗುತ್ತಿದೆ, ಕೈ ಕಾಣುತ್ತಿಲ್ಲ, ಇಷ್ಟು ಬಲ ಎಲ್ಲಿತ್ತೇ ನಿನ್ನಲ್ಲಿ, ಕೊಡ ಎತ್ತು ಎಂದರೆ ಸೊಂಟ ನೋವು ಎನ್ನುವವಳು — ಅತ್ತೆ ಎದ್ದರು, ಕೈ ಮುಗಿದಿದ್ದಾರೆ, ಊರಮ್ಮ ಬಂದಾಳೆ ಪುಷ್ಪಲತಾ, ನೋಡಲ್ಲಿ, ನಮ್ಮ ಕೂಸಿನ ಮೈಮ್ಯಾಲೆ ಅಮ್ಮ ಬಂದಾಳೆ, ಅಯ್ಯೋ ಇಲ್ಲತ್ತೆ, ಅವಳು ಬಾರ್ಸೋದೇ ಹಂಗೆ, ಕೂಡ್ರಿ, ಕೇಳುವವರು ಯಾರು, ಊರಮ್ಮನಿಗೆ ಉಡಿ ತುಂಬಲೆಂದು ತಂದಿದ್ದ ಅಕ್ಕಿ ಚೀಲ ಎತ್ತಿಕೊಂಡು ನಡೆದೇಬಿಟ್ಟರು, ಮೈಮೇಲೆ ಬಂದವಳಿಗೆ ಉಡಿ ತುಂಬಬೇಕು, ಏನು ಬೇಕೆಂದು ಕೇಳಬೇಕು, ಹಿಂದಿನಿಂದ ಬಂದ ಪದ್ಧತಿ, ಮುಗಿಯಿತು, ಜನ ನಗುತ್ತಾರೆ, ಮಗಳ ಮರ್ಯಾದೆ ಹೋಗುತ್ತದೆ, ನಾನು ಹೋಗಿ ತಡೆಯಬೇಕು, ಅಷ್ಟರಲ್ಲಿ ಅತ್ತೆ ಸ್ಟೇಜು ಹತ್ತಿಯಾಯಿತು. ಸುಮಾ ಹಾಡು ನಿಲ್ಲಿಸಿ ಪಕ್ಕಕ್ಕೆ ಸರಿದಳು, ಗಿಟಾರೂ ನಿಂತಿತು, ಡ್ರಮ್ಮೊಂದೇ, ಅತ್ತೆ ಮೈಕಿನ ಪಕ್ಕದಲ್ಲೇ ಬಾಗಿದ್ದಾರೆ, ಇಡೀ ಮೈದಾನಕ್ಕೆ ಕೇಳಿಸುತ್ತಿದೆ, ಏನು ಬೇಕವ್ವ ನಿನಗೆ, ಕೇಳು ತಾಯಿ, ಬಿಂದು ತಲೆಯೆತ್ತಿದಳು, ಕೈ ನಿಲ್ಲಲಿಲ್ಲ, ಹೂಂ ಅಂದಿದ್ದರೆ ಸಾಕಿತ್ತು, ಅಮ್ಮನ ಹೆಸರಲ್ಲಿ ಏನು ಕೇಳಿದ್ದರೂ ಸಿಗುತ್ತಿತ್ತು, ಇದೇ ಬೇಕು ಅಜ್ಜಿ, ಎಂದಳು. ಅಜ್ಜಿ. ಮೈಮೇಲೆ ಬಂದ ಅಮ್ಮ ಯಾರನ್ನೂ ಹಾಗೆ ಕರೆಯುವುದಿಲ್ಲ. ಅತ್ತೆಯ ಮುಖ ನೋಡಿದೆ, ಅರ್ಥವಾಯಿತು ಅವರಿಗೆ, ಬಂದದ್ದು ಯಾರೂ ಅಲ್ಲ, ಇರುವುದು ಬಿಂದುವೇ, ಇಷ್ಟೂ ಬಿಂದುವೇ, ಮುಗಿದ ಕೈ ಇಳಿಯಿತು, ಈಗ ಬ್ಯಾಡ ಅನ್ನುತ್ತಾರೆ, ಅಂದೇಬಿಡುತ್ತಾರೆ — ಚೀಲದೊಳಗೆ ಕೈ ಹೋಯಿತು, ಅಂಗಿಗೆ ಸೆರಗಿಲ್ಲ, ಎಲ್ಲಿ ತುಂಬುವುದು, ಒಂದು ಗಳಿಗೆ ನೋಡಿದರು, ಬೊಗಸೆ ಅಕ್ಕಿ ಡ್ರಮ್ಮಿನ ಮೇಲೇ ಸುರಿದರು, ಬಾರಿಸು ಮಗಳೇ, ಅವಳು ಬಾರಿಸಿದಳು, ಅಕ್ಕಿ ಎದ್ದಿತು, ದೀಪದ ಬೆಳಕಿನಲ್ಲಿ ಅವಳ ಮುಖದೆತ್ತರಕ್ಕೆ, ಇನ್ನೊಂದು ಬೊಗಸೆ, ಅಕ್ಕಿ ಎದ್ದಿತು, ನಾನೂ ಕೈ ಮುಗಿದಿದ್ದೇನೆ, ಯಾವಾಗ ಮುಗಿದೆನೋ, ಅಕ್ಕಿ ಏಳುತ್ತಿದೆ, ಬೀಳುತ್ತಿದೆ, ಬೀಳಲು ಬಿಡುತ್ತಿಲ್ಲ ಅವಳು, ಅಕ್ಕಿ ಏಳುತ್ತಿದೆ —