ಎರಡನೇ ಪಟ್ಟಿ

ತೊಂಬತ್ತರ ಆಗಸ್ಟ್. ಶುಐಬಾದ ಲೇಬರ್ ಕ್ಯಾಂಪಿನಲ್ಲಿ ಕರೆಂಟು ಹೋಗಿ ಒಂಬತ್ತು ದಿನವಾಗಿತ್ತು. ಕುಡಿಯುವ ನೀರನ್ನು ಚಾದ ಗ್ಲಾಸಿನಲ್ಲಿ ಅಳೆದು ಕೊಡುತ್ತಿದ್ದರು. ಇರಾಕಿನ ಸೈನ್ಯ ನುಗ್ಗಿದ ದಿನವೇ ವೀಸಾ ಕೊಟ್ಟ ಧಣಿ, ಕಫೀಲ್, ಕಾರು ಹತ್ತಿ ಸೌದಿಗೆ ಓಡಿದ್ದ. ಓಡುವ ಮೊದಲು ಕೂಲಿಗಳ ಪಾಸ್‌ಪೋರ್ಟುಗಳಿದ್ದ ಕಬ್ಬಿಣದ ಪೆಟ್ಟಿಗೆಯ ಕೀಲಿಯನ್ನು ಟೈಮ್‌ಕೀಪರ್ ಬಾವಾಕುಂಞಿಯ ಕೈಗೆ ಎಸೆದು, "ನಾನು ಹೇಳುವ ತನಕ ಒಬ್ಬನಿಗೂ ಕೊಡಬೇಡ" ಅಂದಿದ್ದ. ಓಡಿಹೋದವನ ಮಾತನ್ನೂ ಬಾವಾಕುಂಞಿ ನಿಯತ್ತಿನಿಂದ ಪಾಲಿಸುತ್ತಿದ್ದ. ಹದಿನಾರು ವರ್ಷದ ಅಭ್ಯಾಸ.

ಮೊದಲ ವಾರವೇ ಇರಾಕಿ ಅಧಿಕಾರಿಯೊಬ್ಬ ಬಂದು ಮೆಕ್ಯಾನಿಕ್‌ಗಳ ಪಟ್ಟಿ ಕೇಳಿದ್ದ. ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಬಸ್ರಾಕ್ಕೆ ಸಾಗಿಸಬೇಕಿತ್ತು. ಬಾವಾಕುಂಞಿ ತಲೆ ಓಡಿಸಿದ. ಗಲ್ಫಿನಲ್ಲಿ ವೀಸಾದ ಕೆಲಸ ಒಂದು, ಮಾಡುವ ಕೆಲಸ ಇನ್ನೊಂದು. ನಿಜವಾದ ಮೆಕ್ಯಾನಿಕ್‌ಗಳ ವಾಸದ ಪರವಾನಗಿ ಚೀಟಿ, ಇಕಾಮಾದಲ್ಲಿ, ಅಡುಗೆಯವ, ತೋಟದವ ಅಂತಿತ್ತು. ಅವನು ಇಕಾಮಾದಲ್ಲಿ ಮೆಕ್ಯಾನಿಕ್ ಎಂದಿದ್ದವರನ್ನೇ ಪಟ್ಟಿಗೆ ಬರೆದ. ನಿಜವಾದವರು ಉಳಿಯುತ್ತಾರೆ, ಏನೂ ಬಾರದ ಇವರನ್ನು ಬೈದು ವಾಪಸು ಕಳಿಸುತ್ತಾರೆ ಅಂದುಕೊಂಡ.

ಮೊದಲ ಹೆಸರು ಯೂಸುಫನದು. ತನ್ನ ಊರಿನವನೇ, ಆಫೀಸಿಗೆ ಚಾ ಮಾಡುವವ. ಆ ಮೆಕ್ಯಾನಿಕ್ ವೀಸಾ ಮಾಡಿಸಿಕೊಟ್ಟವನೂ ಬಾವಾಕುಂಞಿಯೇ.

"ಬಾವಾಕ, ನನಗೆ ಸ್ಪಾನರ್ ಹಿಡೀಲಿಕ್ಕೂ ಬರುದಿಲ್ಲ," ಅಂದಿದ್ದ ಯೂಸುಫ್, ಲಾರಿ ಹತ್ತುವಾಗ.

"ಅದಕ್ಕೇ ನಿನ್ನನ್ನು ಬೇಗ ಬಿಡ್ತಾರೆ ಮಾರಾಯ. ಸಂಜೆ ಚಾಕ್ಕೆ ಇಲ್ಲೇ ಇರ್ತಿ, ನೋಡು."

ಹನ್ನೊಂದು ದಿನ ಕಳೆದವು. ಜೊತೆಗೆ ಹೋದ ಉಳಿದವರೆಲ್ಲ ಮರಳಿ ಬಂದರು; ಮುರಿದ ಕೈಯಲ್ಲಿ ಬಂದವನೊಬ್ಬ ಸುದ್ದಿ ಹೇಳಿದ. ಬೇಕೆಂದೇ ಯಂತ್ರ ಕೆಡಿಸಿದ ಎಂದು ಯೂಸುಫನನ್ನು ಹೊಡೆದು ಎಳೆದುಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ಸೈನ್ಯ ಕೇಳಿದ್ದು ಮೆಕ್ಯಾನಿಕ್‌ಗಳನ್ನು. ಯೂಸುಫನನ್ನು ಕೊಟ್ಟದ್ದು ಬಾವಾಕುಂಞಿ. ಕ್ಯಾಂಪಿನಲ್ಲಿ ಉಳಿದಿದ್ದ ಮುದಿ ಫೋರ್‌ಮನ್ ಯಾನೋಶ್ ಹಂಗೇರಿಯವನು, ನಮ್ಮವರ ಜೊತೆ ದುಡಿದು ಹಿಂದಿ ಕಲಿತವನು. ಬಾವಾಕುಂಞಿ ಅವನೆದುರು ಎಲ್ಲ ಹೇಳಿಕೊಂಡ.

"ನನ್ನ ಅಪ್ಪನೂ ಗುಮಾಸ್ತ," ಅಂದ ಯಾನೋಶ್. "ಯುದ್ಧ ಮುಗಿದಾಗ ನನಗೆ ಹದಿಮೂರು. ಜರ್ಮನರನ್ನು ಓಡಿಸಿದರು ಅಂತ ಅಮ್ಮ ರಷ್ಯದ ಸೈನಿಕರಿಗೆ ರೊಟ್ಟಿ ಕೊಟ್ಟಳು. ಅವರು ಹೋಗಲೇ ಇಲ್ಲ. ಮೊದಲು ನಮ್ಮ ಫ್ಯಾಕ್ಟರಿಯ ಯಂತ್ರಗಳನ್ನು ಬಿಚ್ಚಿ ರೈಲಿಗೆ ಹಾಕಿದರು. ಆಮೇಲೆ ಪೊಲೀಸ್ ಇಲಾಖೆಯನ್ನು ಕಮ್ಯುನಿಸ್ಟರ ಕೈಗೆ ಕೊಡಿಸಿದರು. ಆಮೇಲೆ ಉಳಿದ ಪಾರ್ಟಿಗಳನ್ನು ಒಂದೊಂದಾಗಿ ಮುಗಿಸಿದರು. ಪೋಲೆಂಡ್, ರೊಮೇನಿಯಾ, ಸುತ್ತಮುತ್ತ ಇದೇ ಕಥೆ. ಎಲ್ಲವೂ ಕೂಲಿಕಾರರ ಹೆಸರಿನಲ್ಲಿ."

"ಕೂಲಿಕಾರರು ಸುಮ್ಮನಿದ್ದರಾ?"

"ಸುಮ್ಮನಿರದವರು ಯಾರು ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಪಟ್ಟಿ ಬೇಕು. ಅಪ್ಪ ಬರೆದುಕೊಟ್ಟ. ತುಂಬ ಚಂದದ ಅಕ್ಷರ. ಎರಡನೆಯದನ್ನೂ ಬರೆದ. ಮೂರನೆಯದನ್ನು ಬೇರೆಯವನು ಬರೆದ, ಅದರಲ್ಲಿ ಅಪ್ಪನ ಹೆಸರಿತ್ತು."

"ಎರಡನೆಯದಕ್ಕಾದರೂ ಇಲ್ಲ ಅನ್ನಬಹುದಿತ್ತು."

ಯಾನೋಶ್ ಅವನ ಮುಖವನ್ನೇ ನೋಡಿದ.

ಮರುದಿನ ಮಧ್ಯಾಹ್ನ ಅಧಿಕಾರಿ ಬಂದ. "ಇನ್ನೂ ಹತ್ತು ಜನ ಬೇಕು. ನಾಲ್ಕು ಗಂಟೆಗೆ ಪಟ್ಟಿ ಸಿದ್ಧವಿರಲಿ. ಯಲ್ಲಾ, ಬೇಗ."

ಅವನ ಜೀಪು ಮರೆಯಾದದ್ದೇ ತಡ, ಬಾವಾಕುಂಞಿ ಕಬ್ಬಿಣದ ಪೆಟ್ಟಿಗೆ ತೆರೆದ. ಒಬ್ಬೊಬ್ಬರ ಹೆಸರು ಕರೆದು ಪಾಸ್‌ಪೋರ್ಟ್ ಕೈಗಿಟ್ಟ. ಕೆಲವರು ತಮ್ಮದೇ ಫೋಟೋವನ್ನು ಗುರುತು ಹಿಡಿಯದೆ ನಿಂತರು.

"ಗಡಿ ದಾಟಿ ಅಮ್ಮಾನಿಗೆ ಹೋಗುವ ಬಸ್ಸು ಸಾಲ್ಮಿಯಾದಿಂದ ಹೊರಡ್ತದೆ. ಯಾನೋಶನಿಗೆ ದಾರಿ ಗೊತ್ತುಂಟು. ಒಬ್ಬರನ್ನು ಬಿಟ್ಟು ಒಬ್ಬರು ಹತ್ತಬೇಡಿ."

"ನೀವು ಬರುದಿಲ್ವಾ ಬಾವಾಕ?" ಯೂಸುಫನ ಕೋಣೆಯಲ್ಲಿದ್ದ ನಿಯಾಝ್ ಕೇಳಿದ.

"ಒಬ್ಬನ ಪಾಸ್‌ಪೋರ್ಟ್ ಕೊಡ್ಲಿಕ್ಕೆ ಬಾಕಿ ಉಂಟು."

ನಾಲ್ಕಕ್ಕೆ ಅಧಿಕಾರಿ ಬಂದಾಗ ಕ್ಯಾಂಪು ಖಾಲಿ. ಬಾವಾಕುಂಞಿ ಎದ್ದು ಕಾಗದ ಕೊಟ್ಟ. ಅದರಲ್ಲಿ ಒಂದೇ ಹೆಸರು: ಬಾವಾಕುಂಞಿ. ಕೆಲಸ: ಪಟ್ಟಿ ಬರೆಯುವುದು.

"ಉಳಿದವರು?"

"ಖಲಾಸ್."

ಅಧಿಕಾರಿ ಪೆಟ್ಟಿಗೆಯನ್ನು ಒದ್ದು ಉರುಳಿಸಿದ. ಎರಡು ಪಾಸ್‌ಪೋರ್ಟು ಹೊರಗೆ ಬಿದ್ದವು. ಒಂದನ್ನು ಎತ್ತಿ ಬಿಡಿಸಿ, ಯೂಸುಫನ ಫೋಟೋವನ್ನು ಬಾವಾಕುಂಞಿಯ ಮುಖಕ್ಕೆ ಹಿಡಿದ.

"ಇವನೆಲ್ಲಿ?"

"ಅದನ್ನು ನಿಮ್ಮ ಹತ್ತಿರ ಕೇಳ್ಬೇಕು ಅಂತಲೇ ನಾನು ಇಲ್ಲಿ ಕೂತದ್ದು," ಅಂದ ಬಾವಾಕುಂಞಿ.