ಹಗಲು ಹೇಳಿದ ಕಥೆ

ಹ್ಞೂಂ, ಅಂದರು ಮಕ್ಕಳು, ಮೂವತ್ತು ಗಂಟಲು ಒಂದೇ ಸಲ, ಆದರೆ ಕೊನೆಗೊಂದು ಹ್ಞೂಂ ತಡವಾಗಿ ಬಂತಲ್ಲ, ಕಿಟಕಿಯಾಚೆ ಕಬ್ಬಿನ ಕಡೆಯಿಂದ — ಇರಲಿಕ್ಕಿಲ್ಲ, ಗಾಳಿ, ರೂಪಾಲಿ ಕಥೆ ಮುಂದುವರಿಸಿದಳು, ಕಳೆದ ಕುರಿ ಹುಡುಕುತ್ತ ಕುರಿಗಾಹಿ ಕಬ್ಬಿನೊಳಗೆ ಹೋದ, ಹ್ಞೂಂ, ಹೋದ, ಹೋದ, ಹ್ಞೂಂ, ಗಂಟೆ ಮೂರಾಯಿತು, ಕಾಡಸಿದ್ದ ಮಾಮಾ ಇನ್ನೂ ಬರಲಿಲ್ಲ, ಕಥೆಯ ಗೊಂಬೆಗಳ ಚೀಲ ಮನೆಯಲ್ಲೇ ಮರೆತು ಶಾಲೆಗೆ ಬಂದದ್ದು ತನ್ನದೇ ತಪ್ಪು, ತಂದ ಕೊಡ ಮಾಮಾ ಎಂದು ಫೋನ್ ಮಾಡಿದ್ದೂ ತಾನೇ, ಅಕ್ಕೋಳದ ಮನೆಯಿಂದ ಭೋಜದ ಈ ಶಾಲೆಗೆ ಆ ಕೆಂಪು ಗಾಡಿಯಲ್ಲಿ ಅವನು ಕಣ್ಣು ಮುಚ್ಚಿಕೊಂಡು ಬಂದಾನು, ಆಯುಷ್ಯವೆಲ್ಲ ಕುರಿ ಕಾಯ್ದ ನೆಲ, ಅವ್ವ ಸತ್ತ ಮೇಲೆ ಹೆಗಲ ಮೇಲೆ ಹೊತ್ತು ಬೆಳೆಸಿದ ಸೋದರಮಾವ, ಅವನನ್ನು ಬಿಟ್ಟರೆ ತನಗೆ ಯಾರು — ಅಜ್ಜಿ ತಾರವ್ವ ಹೇಳುತ್ತಿದ್ದಳು, ಹಗಲ ಹೊತ್ತ ಕತಿ ಹೇಳಬ್ಯಾಡ ಬೇ, ಸ್ವಾದರಮಾವ ದಾರಿ ತಪ್ತಾನ, ಅರ್ಧಕ್ಕ ಬಿಟ್ರಂತೂ ತಿರುಗಿ ಬರೂದಽ ಇಲ್ಲ. ಇದನ್ನೇ ಕಥೆ ಹೇಳುವ ತರಬೇತಿಗಳಲ್ಲಿ ಹೇಳಿ ಶಿಕ್ಷಕರನ್ನು ನಗಿಸಿದ್ದಾಳೆ, ಶಾಲೆ ನಡೆಯುವುದೇ ಹಗಲು, ಹಾಗಿದ್ದರೆ ಚಿಕ್ಕೋಡಿ ನಿಪ್ಪಾಣಿಯ ಮಾವಂದಿರೆಲ್ಲ ಇಷ್ಟೊತ್ತಿಗೆ ಕಾಣೆಯಾಗಬೇಕಿತ್ತು ಎಂದು. ಹೊರಟ ಮೇಲಿನ ಮೊದಲ ಫೋನಿನಲ್ಲಿ ಮಾಮಾನೂ ನಕ್ಕಿದ್ದ, ದಾರಿ ತಪ್ಪೇನಿ ನೋಡವಾ, ಎಲ್ಲಿ ನೋಡಿದ್ರೂ ಕಬ್ಬಽ ಐತಿ. ಎರಡನೆಯದರಲ್ಲಿ ನಗಲಿಲ್ಲ, ಅದಽ ಬೇವಿನ ಗಿಡದ ಹತ್ರ ಮೂರನೇ ಸಲ ಬಂದೇನಿ ರೂಪವ್ವಾ, ಹಿಂದ ಯಾರೋ ಹ್ಞೂಂ ಅನ್ನಾಕತ್ತಾರ. ಆಮೇಲೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ.

ಮುಗಿಸಬೇಕು, ಬೇಗ, ಕುರಿಗಾಹಿಯನ್ನು ಹೊರಗೆ ತರಬೇಕು, ತಾನೇ ಕಟ್ಟುತ್ತಿರುವ ಕಥೆ, ಕೊನೆ ತನ್ನ ಕೈಯಲ್ಲೇ ಇದೆ — ಆದರೆ ಬಾಯಿಗೆ ಬರುವುದೆಲ್ಲ ಹೋದ, ಹೋದ, ಹ್ಞೂಂ, ಮಕ್ಕಳೋ ತಲೆ ಬಗ್ಗಿಸಿ ಚಿತ್ರ ತೆಗೆಯುತ್ತಿದ್ದಾರೆ, ಕೇಳಿದ್ದನ್ನು ಕೇಳಿದ ಹಾಗೆ ತೆಗೆಯಿರಿ ಎಂದು ಕಲಿಸಿದವಳೂ ತಾನೇ. ಮುಂದೆ ಕೂತ ಸಪನಾಳ ಹಾಳೆ ನೋಡಿದಳು, ಕಬ್ಬು, ಬೇವಿನ ಗಿಡ, ಅದಕ್ಕೆ ಒರಗಿಸಿದ ಕೆಂಪು ಗಾಡಿ, ಹ್ಯಾಂಡಲಿಗೆ ಚೀಲ, ಚೀಲದಿಂದ ಇಣುಕುವ ಗೊಂಬೆಯ ತಲೆ. ಗಾಡಿಯ ಮಾತನ್ನು ತಾನು ಆಡಿಯೇ ಇಲ್ಲ, ಬೇವಿನ ಗಿಡದ್ದೂ ಇಲ್ಲ. ಗಾಡಿ ಮ್ಯಾಲಿನ ಮನಶ್ಯಾ ಎಲ್ಲಿ ಅದಾನ, ಸಪನಾ? ಹುಡುಗಿ ಪೆನ್ಸಿಲ್ ಹಿಡಿದುಕೊಂಡೇ ತಲೆ ಎತ್ತಿದಳು, ಅದನ್ನ ನೀವಽ ಇನ್ನೂ ಹೇಳಿಲ್ಲಲ್ರಿ ಬಾಯಾರ. ಹೇಳಬೇಕು, ಈಗಲೇ, ಬಂದ ಅನ್ನಬೇಕು, ಎರಡೇ ಅಕ್ಷರ, ರೂಪಾಲಿ ಬಾಯಿ ತೆರೆದಳು, ಆದರೆ ಬಾಯಿಗೆ ಬಂದದ್ದು ಕೆಂಪು ಗಾಡಿ, ಖಾಲಿ ಸೀಟು, ಕೆಂಪು ಗಾಡಿ, ಖಾಲಿ ಸೀಟು, ಖಾಲಿ —