ಮಾವನ ಹೂಂ

ಕತೆ ಹೇಳುವವರಿಗೆ ಹೂಂಗುಟ್ಟುವವರೊಬ್ಬರು ಬೇಕು. ಎದುರಿಗೆ ಕೂತವರು ಮಾತಿಗೊಂದು ಹೂಂ ಎನ್ನದಿದ್ದರೆ ರಾಜಕುಮಾರ ಕಾಡಿನಲ್ಲೇ ನಿಂತುಬಿಡುತ್ತಾನೆ. ಗಾಜಿನಂಗಡಿಯ ಸೊಸೆಯ ಕೈಯೂ ಹಾಗೆಯೇ ನಿಂತುಬಿಡುತ್ತಿತ್ತು.

ಗಾಜು ಕೊಯ್ಯುವ ಕೆಲಸ ನೋಡುವುದಕ್ಕೆ ಸುಲಭ. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜನ್ನು ಮಲಗಿಸಿ, ಅಳತೆಗೆ ಮರದ ಪಟ್ಟಿ ಇಟ್ಟು, ಕಟರಿನ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆಯಬೇಕು. ಒಂದೇ ಒಂದು. ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅದೇ ಗೆರೆಯ ಮೇಲೆ ಮತ್ತೊಮ್ಮೆ ಎಳೆದರೆ ಗಾಜು ತನಗೆ ತೋಚಿದ ಕಡೆ ಒಡೆಯುತ್ತದೆ. ಸೊಸೆ ಕೆಲಸ ಕಲಿಯಲು ನಿಂತ ಮೊದಲ ವಾರವೇ ಹಾಗೆ ಮೂರು ಕಿಟಕಿ ಗಾಜು ಚೂರಾಗಿದ್ದವು.

"ಎಳೆದದ್ದನ್ನ ಮತ್ತೆ ಎಳೀಬಾರ್ದಮ್ಮ," ಎಂದಿದ್ದರು ಮಾವ. "ಅನುಮಾನ ಇದ್ರೆ ಮೊದಲೇ ಪಟ್ಟುಬಿಡು. ಆಮೇಲೆ ಪಟ್ಟರೆ ಗಾಜಿಗೆ ಗೊತ್ತಾಗುತ್ತೆ."

ಅಂದಿನಿಂದ ಅವಳು ಅನುಮಾನವನ್ನೆಲ್ಲ ಮೊದಲೇ ಪಟ್ಟು ಮುಗಿಸುತ್ತಿದ್ದಳು. ಮೂರು ಸಲ ಅಳತೆ ಹಿಡಿದು, ಪಟ್ಟಿ ಒತ್ತಿ, ಬಗ್ಗಿದ ತಲೆಯೆತ್ತದೆ ಕಾಯುತ್ತಿದ್ದಳು. ಬೆನ್ನ ಹಿಂದಿನ ಕುರ್ಚಿಯಿಂದ ಮಾವ "ಹೂಂ" ಎನ್ನುತ್ತಿದ್ದರು. ಚಕ್ರ ಹರಿಯುತ್ತಿತ್ತು, ಗಾಜು ಹೇಳಿದ ಮಾತು ಕೇಳುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ. ಹೂಂ ಇಲ್ಲದೆ ಒಂದೂ ಕೊಯ್ದಿರಲೂ ಇಲ್ಲ.

ಮಾವನಿಗೆ ಈಗ ಬಿಡುವು ಬೇಕಾಗಿತ್ತು. ಪಕ್ಕದ ಬೀದಿಯ ಹಾರ್ಡ್‌ವೇರಿನವನು ಅಂಗಡಿಯನ್ನು ಕೊಳ್ಳಲು ಕೇಳುತ್ತಿದ್ದ. ಮಗನಿಗೆ ಕೊಡೋಣವೆಂದರೆ ಅವನು ಬಸ್ಸು ಓಡಿಸುವವನು. ಅಂಗಡಿಯೊಳಗೆ ಬಂದು ತಿರುಗಿ ನಿಂತರೆ ಸಾಕು, ಮೊಣಕೈ ಏನನ್ನಾದರೂ ಬೀಳಿಸುತ್ತಿತ್ತು.

"ನಾನಿಲ್ಲದೆ ಒಂದು ದೊಡ್ಡ ಗಾಜು ಕೊಯ್ದು ತೋರಿಸು, ಅಂಗಡಿ ನಿಂದೇ," ಎಂದರು ಮಾವ ಸೊಸೆಗೆ. "ಇಲ್ಲಾಂದ್ರೆ ಸೋಮವಾರ ಅವನಿಗೆ ಹೂಂ ಅಂತೀನಿ."

ಶನಿವಾರ ಬೆಳಗ್ಗೆ ಮಾವ ಹಲ್ಲು ಕೀಳಿಸಿಕೊಳ್ಳಲು ಹೋದರು. ಅವರು ಬೀದಿ ದಾಟುವುದಕ್ಕೂ ಸಲೂನಿನವನು ಕೈಗಾಡಿ ತಳ್ಳಿಕೊಂಡು ಬರುವುದಕ್ಕೂ ಸರಿಹೋಯಿತು.

"ಅಕ್ಕಾ, ಕನ್ನಡಿ ಬೇಕು. ಆರಡಿ ಉದ್ದ, ಮೂರಡಿ ಅಗಲ. ಹಳೇದು ನಿನ್ನೆ ಬಿತ್ತು. ಈಗ ಗಿರಾಕಿಗಳೆಲ್ಲ ನನ್ನ ಮುಖ ನೋಡಿ ತಮ್ಮ ಕೂದಲು ಹೇಗಾಯ್ತು ಅಂತ ತಿಳ್ಕೋಬೇಕಾಗಿದೆ."

"ನಿನ್ನ ಮುಖ ನೋಡಿದ್ರೆ ಅರ್ಧಕ್ಕೇ ಎದ್ದು ಹೋಗ್ತಾರಪ್ಪ," ಎಂದರು ಒಳಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅತ್ತೆ.

"ಅದಕ್ಕೇ ಅಮ್ಮ ಅವಸರ. ಹನ್ನೊಂದಕ್ಕೆ ಮದುವೆ ಗಂಡು ಬರ್ತಾನೆ, ಜೊತೆಗೆ ಏಳು ಜನ. ಕನ್ನಡಿ ಇಲ್ಲಾಂದ್ರೆ ಎದುರಿನ ಸಲೂನಿಗೆ ದಾಟಿಬಿಡ್ತಾರೆ."

ಅಷ್ಟು ಉದ್ದದ ಕನ್ನಡಿ ಹಾಳೆ ಅಂಗಡಿಯಲ್ಲಿ ಒಂದೇ ಇತ್ತು. ಅಗಲ ಒಂದಡಿ ಹೆಚ್ಚು. ಇಬ್ಬರೂ ಸೇರಿ ಮೇಜಿನ ಮೇಲೆ ಮಲಗಿಸಿದರು. ಸೊಸೆ ಮೂರು ಸಲ ಅಳೆದಳು, ಪಟ್ಟಿ ಒತ್ತಿದಳು, ಕಾದಳು. ಹಿಂದೆ ಖಾಲಿ ಕುರ್ಚಿ. ಕೊನೆಗೆ ಫೋನು ಮಾಡಿದಳು.

ಎತ್ತಿದವರು ಮಾವನೇ. ಆದರೆ ಅಷ್ಟರಲ್ಲಿ ಅವರ ಬಾಯಿಗೆ ಮರಗಟ್ಟಿಸುವ ಸೂಜಿ ಕೊಟ್ಟು ಹತ್ತಿ ತುರುಕಿದ್ದರು.

"ಮಾವ, ಆರಡಿ ಕನ್ನಡಿ. ಇರೋದೊಂದೇ ಹಾಳೆ. ಒಂದು ಹೂಂ ಅನ್ನಿ."

"ಆ... ಹಾ... ಆ," ಎಂದಿತು ಫೋನು.

"ಕೊಯ್ಯಿ ಅಂತೀರಾ, ಬೇಡ ಅಂತೀರಾ?"

"ಆಹಾ."

"ಯಜಮಾನ್ರೇ, ಫೋನ್ ಇಡಿ, ಬಾಯಿ ತೆಗೀರಿ," ಎಂಬ ಹಲ್ಲಿನ ಡಾಕ್ಟರ ದನಿ ಕೇಳಿಸಿ ಫೋನು ಕಟ್ಟಾಯಿತು.

"ಬೇಕಿದ್ರೆ ನಾನು ಹೂಂ ಅಂತೀನಿ ಅಕ್ಕ," ಎಂದ ಸಲೂನಿನವನು.

"ಅವರ ಹೂಂ ನಂಬ್ಕೊಂಡು ಕೂತಿದ್ದೀಯಾ?" ಎಂದರು ಅತ್ತೆ. "ನಲವತ್ತು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದಾರೆ. ಹೋದ ವಾರ ಅಡುಗೆಮನೆಗೆ ಆನೆ ಬಂದಿದೆ ಅಂದೆ. ಹೂಂ ಅಂದ್ರು."

"ಗಾಜು ಕೊಯ್ಯುವಾಗ ನೋಡ್ತಾ ಇರ್ತಾರಲ್ಲ ಅತ್ತೆ."

"ಪೇಪರ್ ನೋಡ್ತಾ ಇರ್ತಾರೆ. ನೀನು ತಲೆ ಬಗ್ಗಿಸಿರ್ತೀಯ, ನಿನಗೆ ಕಾಣಲ್ಲ. ನನಗೆ ಇಲ್ಲಿಂದ ಕಾಣುತ್ತೆ."

ಸೊಸೆಗೆ ನಗು ಬಂತು. ನಕ್ಕಾಗ ಭುಜದ ಬಿಗಿ ಸಡಿಲಿತು. ನಾಲ್ಕು ವರ್ಷ ಅಳೆದದ್ದು, ಒತ್ತಿದ್ದು, ಎಳೆದದ್ದು ಈ ಕೈಯೇ ಅಲ್ಲವೆ? ಕೈ ಕೊಟ್ಟ ದೇವರು ಅದರ ಮೇಲಿನ ನಂಬಿಕೆಯನ್ನೂ ಜೊತೆಗೇ ಇಟ್ಟು ಕಳಿಸಿರುತ್ತಾನೆ. ನಾವು ಹುಡುಕುವುದು ತಡ ಮಾಡುತ್ತೇವೆ, ಅಷ್ಟೆ. ಅವಳು ಕಟರನ್ನು ಕಣ್ಣಿಗೊತ್ತಿಕೊಂಡು ಚಕ್ರವನ್ನು ಎಣ್ಣೆಗೆ ಅದ್ದಿದಳು.

ಸರ್ರೆಂದು ಸದ್ದು ಹೊರಟಿತು. ಆರಡಿ ಬಲು ದೂರ. ಅತ್ತೆಯ ಕೈಯಲ್ಲಿ ಬಟಾಣಿ ಸಿಪ್ಪೆ ಹಾಗೇ ಉಳಿಯಿತು. ಚಕ್ರ ಆಚೆಯ ಅಂಚು ಮುಟ್ಟಿತು. ಇನ್ನೊಂದು ಸಲ ಎಳೆದುಬಿಡಲೇ ಎಂದು ಬೆರಳು ತುರಿಸಿತು. ಅವಳು ಕಟರನ್ನು ದೂರ ಇಟ್ಟು, ಹಾಳೆಯನ್ನು ಮೇಜಿನಂಚಿಗೆ ಸರಿಸಿ, ಮೆಲ್ಲಗೆ ಒತ್ತಿದಳು.

ಟಪ್. ಒಂದಡಿ ಅಗಲದ ಪಟ್ಟಿ ನೆಟ್ಟಗೆ ಬೇರೆಯಾಯಿತು.

ಮಾವ ಕೆನ್ನೆ ಊದಿಸಿಕೊಂಡು ಬಂದಾಗ ಕೈಗಾಡಿ ಹೋಗಿಯಾಗಿತ್ತು. ಉಳಿದ ಪಟ್ಟಿಯ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಅಂಗಡಿಯ ಬೀಗದ ಕೈ ತೆಗೆದು ಸೊಸೆಯ ಮುಂದಿಟ್ಟು, ಹಾರ್ಡ್‌ವೇರಿನವನ ಬೀದಿಯ ಕಡೆ ಕೈಯಾಡಿಸಿ ಇಲ್ಲವೆಂದು ಸನ್ನೆ ಮಾಡಿದರು.

ಸೋಮವಾರ ಸೊಸೆ ಒಂದು ಫೋಟೋ ಗಾಜು ಕೊಯ್ದಳು. ಗಾಜು ಎರಡಾಗಿ ಮೇಜಿನ ಮೇಲೆ ಮಲಗಿದ ಮೇಲೆ, ಹಿಂದೆ ಪೇಪರಿನ ಮರೆಯಿಂದ ಕೇಳಿಸಿತು: "ಹೂಂ."

"ತಡ ಆಯ್ತು ಮಾವ."

"ತಡ ಎಲ್ಲಿ ಬಂತಮ್ಮ? ಹೇಳೋರು ಹೇಳಿದ ಮೇಲೆ ತಾನೆ ಹೂಂಗುಟ್ಟೋದು."

"ರೀ," ಎಂದರು ಅತ್ತೆ ಒಳಗಿನಿಂದ, "ಆನೆ ಮತ್ತೆ ಬಂದಿದೆ."

"ಹೂಂ," ಎಂದರು ಮಾವ, ಪುಟ ತಿರುಗಿಸುತ್ತ.